ಫ್ರೆಡ್ರಿಕ್ಕರ ನೌಕಾಪಾಂಡಿತ್ಯ

ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಬೇಕೆಂದು ನಮ್ಮ ಲಾಕ್ಷಣಿಕರು ವಿಧಿಸಿದ್ದಾರೆ. ಅವುಗಳಲ್ಲಿ ಸಮುದ್ರವರ್ಣನೆಗೆ ಮೊದಲ ಪಂಕ್ತಿ. ಆದರೆ ಸಮುದ್ರವನ್ನು ವರ್ಣಿಸುವವನು ಒಮ್ಮೆಯಾದರೂ ಅದರ ಮೇಲೆ ಹೋಗಿರಬೇಕೆಂದು ಯಾವ ಲಾಕ್ಷಣಿಕನೂ ಅಪ್ಪಣೆ ಮಾಡಲಿಲ್ಲ. ಈ ಔದಾರ್ಯದಿಂದ ಕವಿಗಳಿಗಾದ ಉಪಕಾರವನ್ನು ಪಂಡಿತರು ಲೆಕ್ಕ ಹಾಕಲಿ. ಕುವೈತಿನ ಸಾಲ್ಮಿಯಾದಲ್ಲಿ ವಾಸವಾಗಿರುವ ಫ್ರೆಡ್ರಿಕ್ ಮೆನೇಜಸರಿಗಾದ ಅಪಕಾರವನ್ನು ಮಾತ್ರ ಇಲ್ಲಿ ನಿರೂಪಿಸಬೇಕಾಗಿದೆ.

ಫ್ರೆಡ್ರಿಕ್ಕರು ಕುವೈತ್ ನಗರದ ಶರ್ಕ್ ಎಂಬಲ್ಲಿ ಒಂದು ಗಾಜಿನ ಗೋಪುರದಲ್ಲಿ ಎಸಿ ಯಂತ್ರಗಳನ್ನು ಮಾರುವ ಕಂಪೆನಿಯ ಕಚೇರಿ ಮೇಲ್ವಿಚಾರಕರು. ಮನೆತನ ಕರಾವಳಿಯ ಶಂಕರಪುರದ ಕಡೆಯದು. ತಲೆತಲಾಂತರದಿಂದ ಮಲ್ಲಿಗೆ ಬೆಳೆದು, ಕಟ್ಟಿ, ಮಾರಿದವರು. ಆ ವಂಶದಲ್ಲಿ ನೀರಿಗಿಳಿದವರೆಂದರೆ ಗಿಡಕ್ಕೆ ಹೊಯ್ಯಲು ಕೊಡಪಾನ ಹಿಡಿದು ಕೆರೆಗಿಳಿದವರು ಮಾತ್ರ. ಸ್ವತಃ ಫ್ರೆಡ್ರಿಕ್ಕರಿಗೆ ಈಜು ಬಾರದು. ಹೀಗಿದ್ದೂ ಅವರು ನಾವಿಕರಾದ ಬಗೆ ಹೇಗೆಂದರೆ, ಒಂದು ದಿನ ಕಂಪೆನಿಯ ಯಜಮಾನರಾದ ಬೂ ಸಾಲೆಮ್ ಎಂಬ ಕುವೈತಿ ಗೃಹಸ್ಥರು ಚಹಾ ಕುಡಿಯುತ್ತ, "ನಿನ್ನ ಊರು ಯಾವುದು?" ಎಂದು ಕೇಳಿದರು. "ಮಂಗಳೂರು," ಎಂದರು ಇವರು. ಇದು ಸುಳ್ಳಲ್ಲ. ಗಲ್ಫಿಗೆ ಬಂದ ಮೇಲೆ ಕಾರ್ಕಳದವರೂ ಕುಂದಾಪುರದವರೂ ಮಂಗಳೂರಿನವರೇ.

ಬೂ ಸಾಲೆಮರು ಚಹಾದ ಲೋಟವನ್ನು ಕೆಳಗಿಟ್ಟು ಎದ್ದು ನಿಂತರು. ಅವರ ಅಜ್ಜನು ಎಣ್ಣೆಯ ಕಾಲಕ್ಕೆ ಮೊದಲು ದೊಡ್ಡ ಹಾಯಿಹಡಗಿನಲ್ಲಿ ಮಂಗಳೂರಿಗೆ ಹೋಗಿ ಮರ, ಹೆಂಚು ತುಂಬಿಕೊಂಡು ಬರುತ್ತಿದ್ದನಂತೆ. "ನೀವು ಸಮುದ್ರದ ಜನ! ನನಗೇಕೆ ಇಷ್ಟು ವರ್ಷ ಹೇಳಲಿಲ್ಲ?" ಎಂದು ಗಾಢವಾಗಿ ಆಲಿಂಗಿಸಿಕೊಂಡರು. ಅಲ್ಲವೆಂದು ಹೇಳಲು ಫ್ರೆಡ್ರಿಕ್ಕರು ಬಾಯಿ ತೆರೆದದ್ದು ನಿಜ. ಆದರೆ ಆ ಬಾಯಿ ಆಗ ಯಜಮಾನರ ಭುಜಕ್ಕೆ ಒತ್ತಿಕೊಂಡಿತ್ತು. ಆಲಿಂಗನ ಸಡಿಲುವಷ್ಟರಲ್ಲಿ ಸತ್ಯ ಹೇಳುವ ಮುಹೂರ್ತ ಮೀರಿಹೋಗಿತ್ತು.

ಅಲ್ಲಿಂದ ಮುಂದೆ ಕಿಟಕಿಯಾಚೆ ಗಾಳಿ ಬೀಸಿದಾಗಲೆಲ್ಲ ಫ್ರೆಡ್ರಿಕ್ಕರು ಕಣ್ಣು ಕಿರಿದು ಮಾಡಿ, "ಹೂಂ, ವಾಯವ್ಯದ್ದು," ಎನ್ನತೊಡಗಿದರು. ಕುವೈತಿನಲ್ಲಿ ಗಾಳಿ ಹೆಚ್ಚಾಗಿ ವಾಯವ್ಯದಿಂದಲೇ ಬೀಸುವುದರಿಂದ ಅವರ ಮಾತು ಸುಳ್ಳಾಗುವ ಸಂಭವ ಕಡಿಮೆಯಿತ್ತು. ಇದರ ಫಲವಾಗಿ, ಬೂ ಸಾಲೆಮರು ವಸಂತದಲ್ಲಿ ಎರಡು ತಿಂಗಳ ಮಟ್ಟಿಗೆ ಲಂಡನ್ನಿಗೆ ಹೊರಟಾಗ ತಮ್ಮ 'ನಸೀಮ್' ಎಂಬ ಹಾಯಿದೋಣಿಯ ಕೀಲಿಕೈಯನ್ನು ಫ್ರೆಡ್ರಿಕ್ಕರ ಅಂಗೈಯಲ್ಲಿಟ್ಟರು. "ವಾರಕ್ಕೊಮ್ಮೆ ಇಂಜಿನ್ ಓಡಿಸು. ಹಾಸಿಗೆಗಳಿಗೆ ಗಾಳಿಯಾಡಿಸು. ಕುಟುಂಬವನ್ನು ಕರೆದುಕೊಂಡು ಸಮುದ್ರಕ್ಕೆ ಹೋಗು. ನಿಂತ ದೋಣಿ ಕೊಳೆಯುತ್ತದೆ."

ಮನೆಯಲ್ಲಿ ಈ ಸುದ್ದಿಯನ್ನು ಪತ್ನಿ ಫೆಲ್ಸಿಯವರು ಸ್ವೀಕರಿಸಿದ ರೀತಿ ಪ್ರೋತ್ಸಾಹಕರವಾಗಿರಲಿಲ್ಲ. ಅವರು ಆಸ್ಪತ್ರೆಯಲ್ಲಿ ಹಿರಿಯ ನರ್ಸ್. ಮನುಷ್ಯರ ಯೋಗ್ಯತೆಯನ್ನು ನಾಡಿ ಹಿಡಿಯದೆಯೇ ಬಲ್ಲವರು.

"ಬಾತ್‌ರೂಮಿನ ನಲ್ಲಿ ಸೋರಿದ್ರೆ ಕೆಳಗಿನ ವಾಚ್‌ಮನ್‌ನ ಕರೀತೀರಿ. ನಿಮಗೆಂತ ದೋಣಿ?"

"ನೋಡಿಕೊಳ್ಳಲಿಕ್ಕೆ ಮಾತ್ರ, ಫೆಲ್ಸಿ."

"ನೋಡಿಕೊಳ್ಳುವುದಾದ್ರೆ ದಡದಿಂದ ನೋಡಿ."

ಅದೇ ಕಟ್ಟಡದ ಕೆಳಗೆ ದಿನಸಿ ಅಂಗಡಿ ಇಟ್ಟಿರುವ, ಬಂಟ್ವಾಳದ ಕಡೆಯ ಮಮ್ಮಾಲಿಯವರು ಮಾತ್ರ ಕೀಲಿಕೈಯನ್ನು ಎರಡೂ ಕೈಯಲ್ಲಿ ಹಿಡಿದರು; ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. "ಎಂತ ಪೊರ್ಬುಗಳೇ, ಇಷ್ಟು ದೊಡ್ಡ ವಿಷಯ ಹೊಟ್ಟೆಯಲ್ಲಿಟ್ಟುಕೊಂಡು ನೀವು ನನ್ನ ಹತ್ರ ಬರೀ ಕೊತ್ತಂಬರಿ ಸೊಪ್ಪು ತಗೊಂಡು ಹೋಗ್ತಿದ್ರಾ?" ಎಂದರು. ಪೊರ್ಬು ಎಂದರೆ ಕರಾವಳಿಯಲ್ಲಿ ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವ ಮಾತು. ಮಮ್ಮಾಲಿಯವರಿಗೆ ತಿಳಿದ ಸಂಗತಿ ಅಂಗಡಿಯ ಸಾಮಾನಿನ ಜೊತೆಯಲ್ಲಿಯೇ ಮನೆಮನೆಗೆ ತಲುಪುತ್ತಿತ್ತು. ಅಲ್ಲಿನ ವಾರದ ರಜೆಯಾದ ಶುಕ್ರವಾರದ ಪೂಜೆಯ ಹೊತ್ತಿಗೆ ಇಗರ್ಜಿಯ ಅಂಗಳದಲ್ಲಿ ಫ್ರೆಡ್ರಿಕ್ಕರು 'ಕ್ಯಾಪ್ಟನ್' ಆಗಿದ್ದರು.

ದೋಣಿಯೆಂದರೆ ಏನೆಂಬುದು ಅವರಿಗೆ ತಿಳಿದದ್ದು ಅದರೊಳಗೆ ಹೊಕ್ಕ ಮೇಲೆ. ಅದು ಮನೆಯೇ, ಆದರೆ ಮನುಷ್ಯನ ಅಳತೆಗೆ ಕಟ್ಟಿದ ಮನೆಯಲ್ಲ. ಮೆಟ್ಟಿಲಿಳಿಯುವಾಗ ಒಂದು ತೊಲೆ ಹಣೆಗೆ ಬಡಿಯಿತು. ನೋವಿನಿಂದ ಹಿಂದೆ ಸರಿದಾಗ ಇನ್ನೊಂದು ಹಿಂದಲೆಗೆ ಬಡಿದು ಸಮತೋಲನ ಮಾಡಿತು. ಮಲಗುವ ಹಲಗೆಯ ಮೇಲೆ ಮಗ್ಗುಲು ಬದಲಿಸಬೇಕಾದರೆ ಒಮ್ಮೆ ಹೊರಗೆ ಬಂದು ಮತ್ತೆ ಒಳಗೆ ಹೋಗಬೇಕು. ಕಕ್ಕಸಿನಲ್ಲಿ ಒಂದು ಹಿಡಿ ತಿರುಗಿಸಿ, ಇನ್ನೊಂದು ಹಿಡಿ ಎಳೆದು, ಮೂರನೆಯದನ್ನು ಪಂಪಿನಂತೆ ಒತ್ತಬೇಕು. ಕ್ರಮ ತಪ್ಪಿದರೆ ಹೋದದ್ದು ಹಿಂದಿರುಗುತ್ತದೆ. ಮೇಲ್ಗಡೆ ಹಾಯಿ ಕಟ್ಟುವ ಅಡ್ಡಮರವೊಂದು ಗಾಳಿಗೆ ಅತ್ತಿತ್ತ ತಿರುಗುತ್ತದೆ. ಅದರ ಎತ್ತರ ಫ್ರೆಡ್ರಿಕ್ಕರ ಕಿವಿಗೆ ಸರಿಯಾಗಿತ್ತು. ವಾರಕ್ಕೊಂದು ಹೊಸ ಗಾಯದೊಡನೆ ಅವರು ಕಚೇರಿಗೆ ಬರುವಾಗ ಸಹೋದ್ಯೋಗಿಗಳು ಗೌರವದಿಂದ ದಾರಿ ಬಿಡುತ್ತಿದ್ದರು.

ಇಷ್ಟರಲ್ಲಿ ಮಗಳು ಡೆಲ್ಮಾಳ ಮದುವೆಯ ಮಾತು ಬಂತು. ಹುಡುಗ ಬ್ರಯಾನ್, ಮೀನಾ ಅಬ್ದುಲ್ಲಾದ ಎಣ್ಣೆ ಶುದ್ಧೀಕರಣ ಘಟಕದಲ್ಲಿ ಇಂಜಿನಿಯರ್. ಇಗರ್ಜಿಯ ಗಾಯನ ತಂಡದಲ್ಲಿ ಒಂದೇ ಪುಸ್ತಕ ನೋಡಿ ಹಾಡುತ್ತಿದ್ದ ಅವರಿಬ್ಬರೂ ಒಪ್ಪಿ ವರ್ಷ ಕಳೆದಿತ್ತು. ಇನ್ನುಳಿದದ್ದು ಹಿರಿಯರು ತಾವೇ ಹುಡುಕಿ ಕಂಡುಹಿಡಿದವರಂತೆ ಒಪ್ಪುವುದು ಮಾತ್ರ. ಹುಡುಗನ ತಂದೆ ಜೋಕಿಮರು, ತಾಯಿ ವೈಲೆಟ್ ಬಾಯಿ, ಕಲ್ಯಾಣಪುರದಿಂದ ಮಗನ ಮನೆಗೆ ಬಂದಿದ್ದರು. ತಪಸ್ಸುಕಾಲ ಮುಗಿದು ಈಸ್ಟರ್ ಹಬ್ಬ ಕಳೆದ ಮೇಲೆ ಮಾತು ಕೊಟ್ಟು ಊರಿಗೆ ಮರಳುವುದೆಂದು ತೀರ್ಮಾನವಾಗಿತ್ತು. ಆದರೆ ಜೋಕಿಮರು ಎರಡು ಸಲ ಊಟಕ್ಕೆ ಬಂದರು, ಎರಡು ಸಲವೂ ಕೋಳಿಯನ್ನು ಹೊಗಳಿದರು, ಸಂಬಂಧದ ಮಾತು ಬಂದಾಗ ಮಾತ್ರ "ನೋಡುವ, ನೋಡುವ," ಎಂದು ಎದ್ದುಹೋದರು. ವೀಸಾ ಮುಗಿಯುತ್ತ ಬಂದಿತ್ತು. ಡೆಲ್ಮಾ ಅನ್ನ ಬಿಡುವುದೊಂದು ಉಳಿದಿತ್ತು.

"ಯಾಕೆ ಹೀಗೆ ಮಾಡ್ತಾರೆ?" ಎಂದು ಫೆಲ್ಸಿಯವರು ಕಂಗಾಲಾದರು.

ಫ್ರೆಡ್ರಿಕ್ಕರು ದೀರ್ಘವಾಗಿ ವಿಚಾರಿಸಿ ಸಿದ್ಧಾಂತವನ್ನು ಮುಂದಿಟ್ಟರು. ಜೋಕಿಮರು ಜೀವಮಾನವಿಡೀ ದೊಡ್ಡ ಹಡಗುಗಳಲ್ಲಿ ದುಡಿದವರು. ಊರಿನಲ್ಲಿ 'ಶಿಪ್ಪಿನ ಜೋಕಿಮ್' ಎಂದೇ ಪ್ರಸಿದ್ಧರು. "ಶಿಪ್ಪಿನವರಿಗೆ ಶಿಪ್ಪಿನವರೇ ಬೇಕು, ಫೆಲ್ಸಿ. ನಾನು ಕ್ಯಾಪ್ಟನ್ ಅಂತ ಅವರು ಬಾಯಿಮಾತಲ್ಲಿ ಕೇಳಿದ್ದು ಮಾತ್ರ. ಕಣ್ಣಾರೆ ನೋಡ್ಬೇಕು. ಮಾತುಕತೆ ದೋಣಿಯಲ್ಲೇ ಆಗಲಿ."

"ನೀವು ಕ್ಯಾಪ್ಟನ್ ಅಲ್ಲ."

"ಅವರಿಗೆ ಗೊತ್ತಿಲ್ಲವಲ್ಲ!"

ಆಗ ಫೆಲ್ಸಿಯವರಿಗೆ ಇದಕ್ಕಿಂತ ಉತ್ತಮವಾದ ಉಪಾಯ ಹೊಳೆಯಲಿಲ್ಲವೆಂಬುದೇ ಈ ಕುಟುಂಬದ ದುರ್ದೈವ.

ಹೀಗೆ ಒಂದು ಶನಿವಾರ ಬೆಳಿಗ್ಗೆ ಶುವೈಖ್ ಕಡೆಯ ದೋಣಿಕಟ್ಟೆಯಿಂದ 'ನಸೀಮ್' ಹೊರಟಿತು. ಬ್ರಯಾನ್‌ಗೆ ಅಂದು ಕೆಲಸದ ಪಾಳಿ. ದೋಣಿಯಲ್ಲಿ ಇದ್ದವರು ಫ್ರೆಡ್ರಿಕ್, ಫೆಲ್ಸಿ, ಡೆಲ್ಮಾ, ಜೋಕಿಮ್, ವೈಲೆಟ್. ಜೊತೆಗೆ ಒಂದು ದೊಡ್ಡ ಪಾತ್ರೆ ಕೋಳಿ ಸುಕ್ಕ, ಬುಟ್ಟಿ ತುಂಬ ಸಾನ್ನಾಂ ಎಂಬ ಮೆತ್ತನೆಯ ಇಡ್ಲಿ. ಫ್ರೆಡ್ರಿಕ್ಕರು ಬಿಳಿ ಅಂಗಿ, ಬಿಳಿ ಪ್ಯಾಂಟು ಧರಿಸಿದ್ದರು. ಜೋಕಿಮರೂ ಬಿಳಿ ಅಂಗಿ, ಬಿಳಿ ಪ್ಯಾಂಟು ಧರಿಸಿದ್ದರು. ಇಬ್ಬರೂ ಪರಸ್ಪರ ನೋಡಿ, ಗಂಭೀರವಾಗಿ ತಲೆದೂಗಿದರು.

"ಹಾಯಿದೋಣಿ ಅಂದ್ರಿ, ಹಾಯಿ ಎಲ್ಲಿ?" ಎಂದು ವೈಲೆಟ್ ಬಾಯಿ ಕೇಳಿದರು.

ಹಾಯಿಯನ್ನು ಬಿಚ್ಚುವುದು ಹೇಗೆಂದು ಫ್ರೆಡ್ರಿಕ್ಕರು ಮೊಬೈಲಿನಲ್ಲಿ ಅನೇಕ ವೀಡಿಯೊಗಳನ್ನು ನೋಡಿದ್ದರು. ಮತ್ತೆ ಕಟ್ಟುವ ವೀಡಿಯೊ ಸಿಕ್ಕಿರಲಿಲ್ಲ. "ಗಾಳಿ ಸರಿಯಿಲ್ಲ ಬಾಯಿ. ಇಂಜಿನ್ನಲ್ಲೇ ಹೋಗುವ," ಎಂದರು. ಹೇಳಿ ಜೋಕಿಮರ ಮುಖವನ್ನು ಭಯದಿಂದ ನೋಡಿದರು.

"ಹೌದು ಹೌದು," ಎಂದರು ಜೋಕಿಮರು, ತಾವೂ ಭಯದಿಂದ. "ಈ ಗಾಳಿ ಸರಿಯಿಲ್ಲ."

ಆ ಹೊತ್ತಿನಲ್ಲಿ ಗಾಳಿಯೇ ಇರಲಿಲ್ಲ.

ಕಟ್ಟೆಯಿಂದ ಹೊರಬಿದ್ದ ಮೇಲೆ ಬಲಕ್ಕೆ ತಿರುಗಿದರೆ ತೆರೆದ ಸಮುದ್ರ. ಎದುರಿನಿಂದ ಮೀನಿನ ದೋಣಿಯೊಂದು ಬಂದುದರಿಂದ ಫ್ರೆಡ್ರಿಕ್ಕರು ಸೌಜನ್ಯದಿಂದ ಎಡಕ್ಕೆ ತಿರುಗಿದರು; ಅನಂತರ ಆ ಸೌಜನ್ಯವನ್ನು ತಿದ್ದಿಕೊಳ್ಳಲು ಮರೆತರು. ಎಡಕ್ಕಿರುವುದು ಸುಲೈಬಿಖಾತಿನ ಕೊಲ್ಲಿ. ಅಲ್ಲಿ ನಮ್ಮ ಮಲ್ಪೆ, ಪಣಂಬೂರುಗಳ ಸಮುದ್ರದಂತೆ ನೀರು ನಾಲ್ಕು ಹೆಜ್ಜೆ ಹಿಂದೆ ಸರಿದು ನಾಲ್ಕು ಹೆಜ್ಜೆ ಮುಂದೆ ಬರುವುದಿಲ್ಲ. ಇಳಿತದ ಹೊತ್ತಿನಲ್ಲಿ ಸಮುದ್ರವು ಸಂಸಾರ ಸಮೇತ ಹೊರಟುಹೋಗುತ್ತದೆ. ಕಣ್ಣು ಹಾಯುವ ತನಕ ಕೆಸರೇ ಉಳಿಯುತ್ತದೆ. ಈ ಸಂಗತಿಯನ್ನು ಕುವೈತಿನಲ್ಲಿ ಇಷ್ಟು ವರ್ಷವಿದ್ದೂ ಫ್ರೆಡ್ರಿಕ್ಕರು ಅರಿಯರು. ಅವರು ಸಮುದ್ರವನ್ನು ಕಾರಿನ ಕಿಟಕಿಯಿಂದ ನೋಡಿದವರು.

ಸ್ವಲ್ಪ ದೂರ ಹೋಗುವುದರೊಳಗೆ ವಾಯವ್ಯದಿಂದ ಕಂದು ಬಣ್ಣದ ಗೋಡೆಯೊಂದು ಎದ್ದು ಬಂತು. ನೋಡುತ್ತಿರುವಂತೆಯೇ ಧೂಳಿಗಾಳಿ ದೋಣಿಯನ್ನು ಮುಚ್ಚಿತು. ಆಕಾಶವಿಲ್ಲ, ತೀರವಿಲ್ಲ, ದಿಕ್ಕಿಲ್ಲ. ಸೃಷ್ಟಿಗೆ ಮೊದಲಿನ ಸ್ಥಿತಿಯ ವರ್ಣನೆಯೇ ಪ್ರತ್ಯಕ್ಷವಾಯಿತು.

"ಜೋಕಿಮ್ ಬಾಬ್, ಲಂಗರು ಹಾಕುವುದು ಒಳ್ಳೇದಲ್ವಾ?" ಎಂದು ಫ್ರೆಡ್ರಿಕ್ಕರು ವಿನಯದಿಂದ ಕೇಳಿದರು.

"ನೀವು ಹೇಗೆ ಹೇಳ್ತೀರೋ ಹಾಗೆ. ದೋಣಿ ನಿಮ್ಮದು."

"ಅನುಭವ ನಿಮ್ಮದು."

"ಜವಾಬ್ದಾರಿ ನಿಮ್ಮದು."

"ಇಬ್ಬರೂ ಕೂತು ಯೋಚನೆ ಮಾಡಿ, ನಾನು ಹಾಕ್ತೇನೆ," ಎಂದು ಫೆಲ್ಸಿಯವರು ಮುಂದೆ ಹೋಗಿ ಲಂಗರನ್ನು ನೀರಿಗೆ ಬಿಟ್ಟರು.

ಇನ್ನು ಚುಕ್ಕಾಣಿಯ ಪಕ್ಕದಲ್ಲಿದ್ದ ಒಂದು ಚಿಕ್ಕ ಯಂತ್ರದ ವಿಷಯ. ಅದರ ಕನ್ನಡಿಯಲ್ಲಿ ಒಂದು ಅಂಕೆ ಹೊಳೆಯುತ್ತದೆ. ದೋಣಿಯ ತಳದ ಕೆಳಗೆ ಎಷ್ಟು ಮೀಟರು ನೀರಿದೆಯೆಂದು ಅದು ಹೇಳುತ್ತದೆ. ಹೇಳುವುದಷ್ಟೇ ಅದರ ಕೆಲಸ, ತಿಳಿಸುವುದಲ್ಲ. ಅಲ್ಲಿ 'ಮೂರು' ಎಂದಿತ್ತು.

"ಅದೆಂತದು?" ಎಂದರು ವೈಲೆಟ್ ಬಾಯಿ.

"ತೀರಕ್ಕೆ ಎಷ್ಟು ಕಿಲೋಮೀಟರ್ ಉಂಟು ಅಂತ ತೋರಿಸ್ತದೆ," ಎಂದರು ಫ್ರೆಡ್ರಿಕ್ಕರು. ಕಾರಿನ ಜಿಪಿಎಸ್ಸಿನಲ್ಲಿ ಹಾಗೆಯೇ ಇರುತ್ತದೆ.

ಮೊಬೈಲ್ ನೋಡುತ್ತಿದ್ದ ಡೆಲ್ಮಾ ತಲೆಯೆತ್ತಿದಳು. "ಡ್ಯಾಡಿ, ದಿ ಮ್ಯಾಪ್ ಸೇಸ್ ವಿ ಆರ್ ನೆಕ್ಸ್ಟ್ ಟು ದಿ ಹೈವೇ."

"ಡಸ್ಟಿನಲ್ಲಿ ಮ್ಯಾಪಿಗೆ ದಾರಿ ತಪ್ತದೆ ಮಗಾ."

"ಬಟ್ ಡ್ಯಾಡಿ—"

"ದೊಡ್ಡವರು ಮಾತಾಡುವಾಗ ಸುಮ್ಮನಿರ್ಬೇಕು."

ಡೆಲ್ಮಾ ಸುಮ್ಮನಾದಳು. ಇಪ್ಪತ್ತೈದು ವರ್ಷಗಳ ವಿಧೇಯತೆಯನ್ನು ಅವಳು ಅಂದು ಒಟ್ಟಿಗೆ ತೋರಿಸಿದಳು.

ಊಟ ಬಡಿಸಲು ಫೆಲ್ಸಿಯವರು ಒಳಗಿಳಿದರು. ದೋಣಿಯ ಒಲೆ ಒಂದು ವಿಚಿತ್ರ. ದೋಣಿ ಎತ್ತ ವಾಲಿದರೂ ತಾನು ಮಾತ್ರ ನೆಟ್ಟಗೆ ನಿಲ್ಲುವಂತೆ ಅದನ್ನು ಎರಡು ಕೊಕ್ಕೆಗಳಲ್ಲಿ ತೂಗುಹಾಕಿರುತ್ತಾರೆ. ಅದು ಅಲ್ಲಾಡುವುದನ್ನು ಕಂಡು ಫೆಲ್ಸಿಯವರು, "ಒಂದು ಒಲೆಯನ್ನೂ ಸರಿಯಾಗಿ ಕೂರಿಸಲಿಲ್ಲ," ಎಂದು ಬೈದುಕೊಂಡು ಅದನ್ನು ಸೀರೆಯ ಹಳೆಯ ತುಂಡಿನಿಂದ ಗೋಡೆಗೆ ಬಿಗಿಯಾಗಿ ಕಟ್ಟಿ, ಮೇಲೆ ಸುಕ್ಕದ ಪಾತ್ರೆ ಇಟ್ಟು ಬಿಸಿಗೆ ಹಚ್ಚಿದರು.

ಮೇಲೆ ಫ್ರೆಡ್ರಿಕ್ಕರು ಗಂಟಲು ಸರಿಮಾಡಿಕೊಂಡರು. "ಜೋಕಿಮ್ ಬಾಬ್, ಮಕ್ಕಳ ವಿಷಯ..."

"ಅಂಕೆ ಎರಡಾಯ್ತಲ್ಲ," ಎಂದರು ಜೋಕಿಮರು, ಯಂತ್ರವನ್ನೇ ನೋಡುತ್ತ. "ಲಂಗರು ಹಾಕಿದ ಮೇಲೂ ತೀರ ಹತ್ತಿರ ಬರ್ತಾ ಉಂಟಾ?"

ಫ್ರೆಡ್ರಿಕ್ಕರು ಯಂತ್ರದ ಕನ್ನಡಿಯನ್ನು ಅಂಗಿಯ ತೋಳಿನಿಂದ ಒರೆಸಿದರು. "ಅದು... ಸೆಳೆತ. ಸಮುದ್ರದ ಸೆಳೆತಕ್ಕೆ ದೋಣಿ ತನ್ನಷ್ಟಕ್ಕೆ ಮೆಲ್ಲ ಹೋಗ್ತದೆ. ಲಂಗರನ್ನೂ ಎಳ್ಕೊಂಡು."

"ಹಾಂ, ಸೆಳೆತ. ನಮ್ಮ ಶಿಪ್ಪಿನಲ್ಲೂ ಹಾಗೆಯೇ." ಹೀಗೆಂದ ಜೋಕಿಮರು ಒಮ್ಮೆಲೆ ಬದಿಯ ಕಂಬಿಯನ್ನು ಹಿಡಿದು ಬಾಗಿ, ಹೊರಡುವಾಗ ತಿಂದ ಸಾನ್ನಾಂ ಎರಡನ್ನೂ ಸಮುದ್ರಕ್ಕೆ ಸಮರ್ಪಿಸಿದರು. ಫ್ರೆಡ್ರಿಕ್ಕರಿಗೆ ಆಶ್ಚರ್ಯವಾಯಿತು, ಅನಂತರ, ನಿಜವಾದ ನಾವಿಕರು ಆರಂಭದಲ್ಲಿಯೇ ಇದನ್ನು ಮುಗಿಸಿಬಿಡುತ್ತಾರೇನೋ ಎಂದು ಸಮಾಧಾನ ಹೇಳಿಕೊಂಡರು.

ಅಷ್ಟರಲ್ಲಿ ಕಕ್ಕಸಿನ ಬಾಗಿಲು ತೆರೆದು ವೈಲೆಟ್ ಬಾಯಿ ಬೆವರುತ್ತ ಹೊರಬಂದರು. "ಊರಿನಲ್ಲಿ ಬಾವಿಯಿಂದ ನೀರು ಸೇದಿ ಸೇದಿ ಸಾಕಾಯ್ತು ಅಂತ ಇಲ್ಲಿಗೆ ಬಂದ್ರೆ ಇಲ್ಲಿ ಕಕ್ಕಸಿಗೂ ಸೇದಬೇಕು! ಅದೂ ನೀರು ಬರುವುದಿಲ್ಲ ಪೊರ್ಬು, ಕೆಸರು ಬರ್ತದೆ."

"ಆಳ ಸಮುದ್ರದಲ್ಲಿ ಹಾಗೆಯೇ ಬಾಯಿ," ಎಂದರು ಫ್ರೆಡ್ರಿಕ್ಕರು. "ಅದು ಖನಿಜ."

ಅಂಕೆ ಒಂದಾಯಿತು. ಫ್ರೆಡ್ರಿಕ್ಕರ ಮುಖ ಅರಳಿತು. ಮಾತುಕತೆ ಆಗದಿದ್ದರೂ ಪ್ರಯಾಣವಾದರೂ ಸುಖಾಂತವಾಗುತ್ತದೆಂಬ ಧೈರ್ಯ ಬಂತು. ಎಲ್ಲರೂ ಯಂತ್ರದ ಸುತ್ತ ನೆರೆದರು. ಅಂಕೆ ಅರ್ಧವಾಯಿತು, ಕಾಲಾಯಿತು, ಸೊನ್ನೆಯಾಯಿತು.

"ತಲುಪಿದೆವು!" ಎಂದು ಫ್ರೆಡ್ರಿಕ್ಕರು ಎರಡೂ ಕೈಗಳನ್ನು ಮೇಲೆತ್ತಿ ಘೋಷಿಸಿದರು.

ಆಗ ದೋಣಿ ಒಂದು ನಿಟ್ಟುಸಿರಿನೊಂದಿಗೆ ಎಡಕ್ಕೆ ವಾಲಿತು. ಹಾಯಿದೋಣಿಗೆ ಅಡಿಯಲ್ಲಿ ಮೀನಿನ ರೆಕ್ಕೆಯಂಥ ಒಂದು ಭಾರವಾದ ಅಂಗವಿದೆ. ನೀರಿದ್ದಾಗ ಅದೇ ದೋಣಿಯನ್ನು ನೆಟ್ಟಗೆ ನಿಲ್ಲಿಸುತ್ತದೆ; ನೀರಿಲ್ಲದಾಗ ಒಂಟಿಕಾಲಿನಲ್ಲಿ ನಿಲ್ಲಲಾರದೆ ದೋಣಿ ಪಕ್ಕಕ್ಕೆ ಒರಗುತ್ತದೆ. ಇದು ದೋಣಿಗೆ ಗೊತ್ತಿತ್ತು, ನಾಯಕರಿಗೆ ಗೊತ್ತಿರಲಿಲ್ಲ. ಬುಟ್ಟಿ ಉರುಳಿತು. ಸಾನ್ನಾಂಗಳು ಒಂದರ ಹಿಂದೊಂದು ಸಾಲಾಗಿ ಎಡಕ್ಕೆ ಹೊರಟವು. ಅವುಗಳ ಹಿಂದೆ ಜೋಕಿಮರು, ಅವರ ಹಿಂದೆ ಫ್ರೆಡ್ರಿಕ್ಕರು. ಒಳಗೆ, ಗೋಡೆಗೆ ಕಟ್ಟಿದ ಒಲೆಯ ಮೇಲಿನಿಂದ ಸುಕ್ಕದ ಪಾತ್ರೆ ಬಿದ್ದ ಸದ್ದಿಗೆ ಫೆಲ್ಸಿಯವರ ಕೂಗೂ ಸೇರಿತು.

"ಮುಳುಗ್ತಾ ಇದ್ದೇವೆ!" ಎಂದು ವೈಲೆಟ್ ಬಾಯಿ ಚೀರಿದರು. "ಸಾಯ್ಬಾ ಭೊಗೋಸ್, ದೇವರೇ ಕ್ಷಮಿಸು! ನೀರು ಒಳಗೆ ಬರ್ತಾ ಉಂಟಾ ನೋಡಿ!"

ನೀರು ಒಳಗೆ ಬರುವ ಭಯ ಎಲ್ಲರಿಗೂ ಇತ್ತು. ನೀರು ಹೊರಗೂ ಉಳಿಯುತ್ತಿಲ್ಲವೆಂಬ ಸಂಶಯ ಯಾರಿಗೂ ಬರಲಿಲ್ಲ.

ವೈಲೆಟ್ ಬಾಯಿ ಜಪಮಾಲೆ ತೆಗೆದರು. ಒಂದು ಕೈಯಲ್ಲಿ ಮಣಿಯೆಣಿಸುತ್ತ ಇನ್ನೊಂದು ಕೈಯಿಂದ ಗಂಡನ ಬೆನ್ನಿಗೆ ತಿವಿದರು. "ನಮೋ ಮರಿಯೇ... ಏನಾದ್ರೂ ಮಾಡಿ ಮಾರಾಯ್ರೇ! ಕೃಪೆಯಿಂದ ತುಂಬಿದವಳೇ... ಇಷ್ಟು ವರ್ಷ ಶಿಪ್ಪಿನಲ್ಲಿದ್ದು ಎಂತ ಕಲ್ತಿರಿ? ಬರೀ ಬ್ರೆಡ್ ಮಾಡ್ಲಿಕ್ಕಾ?"

ಫ್ರೆಡ್ರಿಕ್ಕರು ಜೋಕಿಮರನ್ನು ನೋಡಿದರು. "ಬ್ರೆಡ್ಡಾ?"

ಜೋಕಿಮರು ವಾಲಿದ ದೋಣಿಯಲ್ಲಿ ಸಾಧ್ಯವಾದಷ್ಟು ನೆಟ್ಟಗೆ ನಿಂತರು. "ಬೇಕರಿ ಸೆಕ್ಷನ್. ಶಿಪ್ಪಿನ ಹೊಟ್ಟೆಯೊಳಗೆ. ಅಲ್ಲಿ ಕಿಟಕಿ ಸಹ ಇಲ್ಲ. ಸಮುದ್ರ ನೋಡಿದ್ದು ಹತ್ತುವಾಗ ಮತ್ತು ಇಳಿಯುವಾಗ. ಅದಕ್ಕೇನೀಗ? ಕ್ಯಾಪ್ಟನ್ ನೀವಲ್ವಾ? ನೀವು ಮಾಡಿ ಏನಾದರೂ!"

"ನಾನು ಮಲ್ಲಿಗೆಯವ!" ಎಂದರು ಫ್ರೆಡ್ರಿಕ್ಕರು ಅಳುದನಿಯಲ್ಲಿ. "ಶಂಕರಪುರದ ಮಲ್ಲಿಗೆಯವ! ನನಗೆ ಈಜು ಸಹ ಬರುವುದಿಲ್ಲ!"

ಹೀಗೆ ಎರಡು ನೌಕಾಪರಂಪರೆಗಳು ಒಂದೇ ಗಳಿಗೆಯಲ್ಲಿ ತಳ ಸೇರಿದವು. ಸಂಬಂಧದ ಆಸೆಯೂ ಅಲ್ಲಿಗೆ ಮುಗಿಯಿತೆಂದು ಫ್ರೆಡ್ರಿಕ್ಕರಿಗೆ ಅನ್ನಿಸಿತು. ಮಗಳ ಮುಖ ನೋಡುವ ಧೈರ್ಯ ಅವರಿಗೆ ಬರಲಿಲ್ಲ.

ಆದರೆ ಮೊದಲು ಪ್ರಾಣ ಉಳಿಯಬೇಕು. ಅವರು ಮಮ್ಮಾಲಿಯವರಿಗೆ ಫೋನು ಮಾಡಿದರು. ಆಪತ್ಕಾಲದಲ್ಲಿ ನೆನಪಾಗುವುದು ಸದಾ ಸಾಲ್ಮಿಯಾದ ಅಂಗಡಿಯೇ.

"ಮಮ್ಮಾಲಿ ಸಾಹೇಬ್ರೇ, ನಡುಸಮುದ್ರದಲ್ಲಿದ್ದೇವೆ! ಮುಳುಗ್ತಾ ಇದ್ದೇವೆ! ಯಾರಿಗಾದ್ರೂ ಹೇಳಿ!"

ಯಾರಿಗಾದರೂ ಹೇಳಿ ಎಂಬ ಮಾತನ್ನು ಮಮ್ಮಾಲಿಯವರಿಗೆ ಹೇಳಬಾರದಿತ್ತು. ಅವರು ಮೊದಲು ಕರಾವಳಿ ಕಾವಲಿನವರಿಗೆ ಹೇಳಿದರು; ಅನಂತರ ಇಗರ್ಜಿಯವರಿಗೆ, ಬ್ಯಾರಿಗಳ ಸಂಘಕ್ಕೆ, ಬಸ್ರೂರಿನವರ ವಾಟ್ಸಾಪ್ ಗುಂಪಿಗೆ, ರಾಯ್ ಎಂಬ ಬಡಾವಣೆಯಲ್ಲಿ ಗ್ಯಾರೇಜು ಇಟ್ಟಿರುವ ತಮ್ಮ ಭಾವನಿಗೆ, ಅಂಗಡಿಯಲ್ಲಿ ಮೊಟ್ಟೆ ಕೊಳ್ಳುತ್ತಿದ್ದ ಒಬ್ಬ ಫಿಲಿಪಿನೋ ಹೆಂಗಸಿಗೆ. "ಲೊಕೇಶನ್ ಕಳಿಸಿ" ಎಂದು ಎಲ್ಲರೂ ಕೇಳಿದ್ದರಿಂದ ಡೆಲ್ಮಾ ಮಾತಿಲ್ಲದೆ ಕಳುಹಿಸಿದಳು.

ಸ್ವಲ್ಪ ಹೊತ್ತಿಗೆ ಕಾವಲಿನ ಅಧಿಕಾರಿಯ ಫೋನು ಬಂತು. ತರುಣ ಧ್ವನಿ, ಮರ್ಯಾದೆಯ ಇಂಗ್ಲಿಷ್. "ಸರ್, ನೀವು ಸಮುದ್ರದಲ್ಲಿದ್ದೀರಾ?"

"ನಡುಸಮುದ್ರದಲ್ಲಿ!"

"ಏನು ಕಾಣಿಸುತ್ತದೆ?"

"ಏನೂ ಇಲ್ಲ!"

"ಏನಾದರೂ ಕೇಳಿಸುತ್ತದೆಯೇ?"

ಫ್ರೆಡ್ರಿಕ್ಕರು ಕಿವಿಗೊಟ್ಟರು. ದೂರದಲ್ಲಿ ಲಾರಿಯ ಹಾರನ್ ಕೇಳಿಸಿತು. "ಹಡಗುಗಳು, ಸರ್. ದೊಡ್ಡ ಹಡಗುಗಳು."

"ಸರ್, ದಯವಿಟ್ಟು ಅಲ್ಲೇ ಇರಿ," ಎಂದಿತು ಧ್ವನಿ. ಎಲ್ಲಿಗೆ ಹೋಗುವುದು ಎಂದು ಫ್ರೆಡ್ರಿಕ್ಕರಿಗೆ ಅರ್ಥವಾಗಲಿಲ್ಲ.

ಗಂಟೆಯೊಂದು ಕಳೆದ ಮೇಲೆ ವೈಲೆಟ್ ಬಾಯಿಯ ಒಂದು ಚಪ್ಪಲಿ ಜಾರಿ, ಕಂಬಿಯ ಸಂದಿಯಿಂದ ಹೊರಗೆ ಬಿತ್ತು. ಎಲ್ಲರೂ 'ಅಯ್ಯೋ' ಎಂದರು. ಚಪ್ಪಲಿ ಮುಳುಗಲಿಲ್ಲ, ತೇಲಲೂ ಇಲ್ಲ. ಮನೆಯ ಹೊಸ್ತಿಲಾಚೆ ಬಿಟ್ಟಂತೆ ಕೆಳಗೆ ನೆಟ್ಟಗೆ ಕುಳಿತಿತು. ಐವರೂ ಕಂಬಿಯ ಮೇಲೆ ಬಾಗಿ ಆ ಚಪ್ಪಲಿಯನ್ನು ಬಹಳ ಹೊತ್ತು ಧ್ಯಾನಿಸಿದರು. ಆಗ ಧೂಳಿನೊಳಗಿನಿಂದ ಪಚ್ ಪಚ್ ಎಂದು ಹೆಜ್ಜೆಯ ಸಪ್ಪಳ ಕೇಳಿಸಿತು. ಸಮುದ್ರದಲ್ಲಿ ಒಬ್ಬರು ನಡೆದು ಬರುತ್ತಿದ್ದರು. ಪ್ಯಾಂಟು ಮೊಣಕಾಲಿನ ತನಕ ಮಡಚಿತ್ತು. ಒಂದು ಹೆಗಲಿನಲ್ಲಿ ಹಗ್ಗ, ಇನ್ನೊಂದರಲ್ಲಿ ನೀರಿನ ಬಾಟಲಿಗಳ ಕಟ್ಟು.

"ಪೊರ್ಬುಗಳೇ!" ಎಂದರು ಮಮ್ಮಾಲಿಯವರು, ಏದುಸಿರು ಬಿಡುತ್ತ. "ಇಳೀರಿ ಮಾರಾಯ್ರೇ. ಗಾಡಿ ಅಲ್ಲೇ ಪಾರ್ಕ್ ಮಾಡಿದ್ದೇನೆ. ಹಗ್ಗ ಯಾಕೆ ತಂದೆ ಅಂತ ನನಗೇ ಗೊತ್ತಿಲ್ಲ."

ಧೂಳು ನಿಧಾನವಾಗಿ ತೆಳುವಾಯಿತು. ನಾಟಕದ ಪರದೆ ಸರಿದಂತೆ ಹೆದ್ದಾರಿ ಕಾಣಿಸಿತು. ಅದರ ಬದಿಯಲ್ಲಿ ಸಾಲಾಗಿ ಕಾರುಗಳು. ಕಾರುಗಳ ಮುಂದೆ ಇಗರ್ಜಿಯವರು, ಸಂಘದವರು, ಗ್ಯಾರೇಜಿನ ಭಾವ, ಮೊಟ್ಟೆಯ ಚೀಲ ಹಿಡಿದ ಫಿಲಿಪಿನೋ ಹೆಂಗಸು. ಕೆಲವರ ಕೈಯಲ್ಲಿ ಕರಕ್ ಚಹಾ, ಎಲ್ಲರ ಕೈಯಲ್ಲಿ ಮೊಬೈಲ್. ನಡುವೆ ಕೆಸರಿನ ಬಯಲು. ಆ ಬಯಲಿನಲ್ಲಿ ಮದುವೆ ಮನೆಯಲ್ಲಿ ಉಂಡವರಂತೆ ಮಗ್ಗುಲಾಗಿ ಮಲಗಿದ್ದ 'ನಸೀಮ್'.

ರಬ್ಬರಿನ ಬೂಟು ಧರಿಸಿದ ತರುಣ ಅಧಿಕಾರಿ ಕೆಸರಿನಲ್ಲಿ ಜಾಗರೂಕತೆಯಿಂದ ನಡೆದು ಬಂದನು. ದೋಣಿಯನ್ನು ಒಂದು ಸುತ್ತು ಬಂದು, ತುಟಿ ಕಚ್ಚಿಕೊಂಡು, "ಮಿನೂ ಅಲ್-ನೋಖದಾ?" ಎಂದನು. ನಾಯಕ ಯಾರು ಎಂದು ಅದರ ಅರ್ಥ.

ಫ್ರೆಡ್ರಿಕ್ಕರು ಜೋಕಿಮರ ಕಡೆ ಬೆರಳು ತೋರಿಸಿದರು. ಅದೇ ಕ್ಷಣದಲ್ಲಿ ಜೋಕಿಮರು ಫ್ರೆಡ್ರಿಕ್ಕರ ಕಡೆ ಬೆರಳು ತೋರಿಸಿದರು. ಅಧಿಕಾರಿ ಇಬ್ಬರ ಬಿಳಿ ಉಡುಪನ್ನೂ ನೋಡಿ ಫೆಲ್ಸಿಯವರ ಕಡೆ ತಿರುಗಿದನು.

"ಲಂಗರು ಹಾಕಿದ್ದು ನಾನು," ಎಂದರು ಫೆಲ್ಸಿಯವರು. "ಉಳಿದ ಪಾಪವೆಲ್ಲ ಅವರದು."

ಈ ಗಳಿಗೆಯಲ್ಲಿ ಫ್ರೆಡ್ರಿಕ್ಕರ ಮೊಬೈಲು ಮೊಳಗಿತು. ಲಂಡನ್ನಿನಿಂದ ಬೂ ಸಾಲೆಮ್. ದಡದ ಮೇಲಿನ ಯಾರೋ ಪುಣ್ಯಾತ್ಮರು ಹಾಕಿದ ವೀಡಿಯೊ ಆಗಲೇ ಅಲ್ಲಿಗೆ ತಲುಪಿತ್ತು. ಕೆಲಸ ಹೋಯಿತು, ಇಕಾಮಾ ಎಂಬ ವಾಸದ ಪರವಾನಗಿ ಹೋಯಿತು, ಸಂಬಂಧ ಹೋಗಿಯೇ ಇತ್ತು ಎಂದುಕೊಳ್ಳುತ್ತ ಫ್ರೆಡ್ರಿಕ್ಕರು ಕೆಸರು ಮೆತ್ತಿದ ಬೆರಳಿನಿಂದ ಒತ್ತಿದಾಗ ಸ್ಪೀಕರೇ ಒತ್ತಿಹೋಗಿ, ಯಜಮಾನರ ಧ್ವನಿ ಬಯಲಿಗೆಲ್ಲ ಕೇಳಿಸಿತು.

"ಮಾಶಾ ಅಲ್ಲಾಹ್! ಫ್ರೆಡ್ರಿಕ್! ಇಳಿತಕ್ಕೆ ಸರಿಯಾಗಿ ದೋಣಿಯನ್ನು ಕೆಸರಿನಲ್ಲಿ ಮಲಗಿಸಿ ತಳ ಕೆರೆಯುವ ಕ್ರಮ! ಹಳೆಯ ಕಾಲದವರು ಹೀಗೆಯೇ ಮಾಡುತ್ತಿದ್ದರು. ಈಗಿನವರು ಕ್ರೇನು ತರಿಸುತ್ತಾರೆ, ಸೋಮಾರಿಗಳು. ಕಪ್ಪೆಚಿಪ್ಪು ಬಹಳ ಹಿಡಿದಿದೆಯೇ?"

ಅಧಿಕಾರಿಯ ಮುಖದ ಮೇಲಿನ ನಗೆ ಅಳಿದು ಗೌರವ ಮೂಡಿತು. ಫ್ರೆಡ್ರಿಕ್ಕರು ದೋಣಿಯ ತಳ ನೋಡಿದರು. ಅಲ್ಲಿ ಚಿಪ್ಪುಗಳೂ ಪಾಚಿಯೂ ದಟ್ಟವಾಗಿ ಹಿಡಿದಿದ್ದವು. ಜೋಕಿಮರನ್ನು ನೋಡಿದರು. ಡೆಲ್ಮಾಳನ್ನು ನೋಡಿದರು. ಹೌದು ಎಂಬ ಒಂದೇ ಮಾತು ಸಾಕಾಗಿತ್ತು. ಅವರು ಕಣ್ಣು ಮುಚ್ಚಿ ಸತ್ಯ ಹೇಳಿದರು.

"ಸರ್, ನನಗೆ ಸಮುದ್ರ ಗೊತ್ತಿಲ್ಲ. ನಾವು ಹೂ ಮಾರುವವರು. ದಾರಿ ತಪ್ಪಿ ಬಂದು ಇಲ್ಲಿ ಬಿದ್ದೆವು."

ಲಂಡನ್ನಿನಿಂದ ಗಹಗಹಿಸುವ ನಗೆ ಕೇಳಿಸಿತು. "ವಲ್ಲಾಹ್, ನಿಜವಾಗಿ ಬಲ್ಲವರು ಹೀಗೆಯೇ ಮಾತಾಡುತ್ತಾರೆ! ಯಲ್ಲಾ, ನೀರು ತಿರುಗುವ ಮೊದಲು ಮುಗಿಸು. ಬಂದ ಮೇಲೆ ನನ್ನ ತಮ್ಮನ ದೋಣಿಯನ್ನೂ ನಿನಗೇ ಒಪ್ಪಿಸುತ್ತೇನೆ." ಫೋನು ಕಡಿಯಿತು.

ಸತ್ಯಕ್ಕೆ ಇಂಥ ಸೋಲಾಗುವುದನ್ನು ಆ ಕೊಲ್ಲಿ ಹಿಂದೆ ಕಂಡಿರಲಾರದು. ಫೆಲ್ಸಿಯವರು ಒಳಗೆ ಹೋಗಿ, ಸುಕ್ಕದ ನಡುವಿನಿಂದ ಎರಡು ಸಟ್ಟುಗಗಳನ್ನು ಹುಡುಕಿ ತಂದು ಗಂಡಸರಿಬ್ಬರ ಕೈಗೂ ಒಂದೊಂದು ಕೊಟ್ಟರು. "ಕೆರೆಯಿರಿ."

ದಡದ ಜನರೆದುರು ಬಿಳಿ ಪ್ಯಾಂಟುಗಳು ಕೆಸರಿಗಿಳಿದವು. ಫ್ರೆಡ್ರಿಕ್ಕರ ಸಟ್ಟುಗ ಜಾರುತ್ತಿತ್ತು. ಜೋಕಿಮರದು ಸರ್ರನೆ ಹೋಗುತ್ತಿತ್ತು. "ಟ್ರೇಗೆ ಹಿಡಿದ ಬನ್ನು ಎಬ್ಬಿಸಿದವನಿಗೆ ಇದೆಲ್ಲ ಎಂತದು," ಎಂದು ಅವರು ಅಂದಿನ ದಿನ ಮೊದಲ ಬಾರಿಗೆ ಸಂತೋಷದಿಂದ ನುಡಿದರು. ಅವರ ಮುಖದ ಹಸಿರು ಬಣ್ಣ ಹೋಗಿ ಮನುಷ್ಯರ ಬಣ್ಣ ಬಂದಿತ್ತು.

ಹೆಂಗಸರು ಅಧಿಕಾರಿಯ ಸಹಾಯದಿಂದ ದಡ ಸೇರಿ, ಮಮ್ಮಾಲಿಯವರ ಗಾಡಿಯ ನೆರಳಿನಲ್ಲಿ ಚಹಾ ಹಿಡಿದು ಕುಳಿತರು. ವೈಲೆಟ್ ಬಾಯಿ ಬರಿಗಾಲನ್ನು ಒರೆಸಿಕೊಳ್ಳುತ್ತ ನಗಲಾರಂಭಿಸಿದರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

"ಫೆಲ್ಸಿ ಬಾಯಿ, ಒಂದು ಮಾತು ಹೇಳ್ತೇನೆ, ಬೇಜಾರ್ ಮಾಡ್ಬೇಡಿ. ಕ್ಯಾಪ್ಟನ್ನನ ಮನೆ, ಸ್ವಂತ ಯಾಚು, ಕುವೈತಿಗಳ ಜೊತೆ ಓಡಾಟ ಅಂತ ಕೇಳಿ ನಮ್ಮವರಿಗೆ ನಿದ್ದೆ ಬಿಟ್ಟು ಹೋಗಿತ್ತು. ಇಷ್ಟು ದೊಡ್ಡವರ ಹುಡುಗಿ ಬೇಕರಿಯವರ ಮನೆಗೆ ಬಂದು ನಮ್ಮನ್ನು ಮನುಷ್ಯರು ಅಂತ ನೋಡ್ತಾಳಾ ಅಂತ. ಅದಕ್ಕೇ ನೋಡುವ, ನೋಡುವ ಅಂದದ್ದು."

ಫೆಲ್ಸಿಯವರು ಚಹಾದ ಲೋಟ ಹಿಡಿದುಕೊಂಡೇ ಕೆಸರಿನಲ್ಲಿ ಬಾಗಿದ ಗಂಡನನ್ನು ಒಮ್ಮೆ ನೋಡಿದರು. "ಈಗ?"

"ಈಗೆಂತ! ಮಲ್ಲಿಗೆಯವರಲ್ವಾ ನೀವು? ನಮ್ಮಷ್ಟೇ ಇದ್ದೀರಿ. ನವೆಂಬರ್ ಆಗ್ತದಾ?"

ಡೆಲ್ಮಾ ಅಂದು ಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದಳು. "ಆಗ್ತದೆ," ಎಂದಳು.

ಸುದ್ದಿಯನ್ನು ದೋಣಿಯ ತನಕ ಒಯ್ದವರು ಮಮ್ಮಾಲಿಯವರೆಂದು ಬೇರೆ ಹೇಳಬೇಕಾಗಿಲ್ಲ. ಅವರು ಜೋಕಿಮರ ಕಿವಿಯಲ್ಲಿ ಹೇಳಿದರು. ಜೋಕಿಮರು ಸಟ್ಟುಗದ ಕೆಸರನ್ನು ಪ್ಯಾಂಟಿಗೆ ಒರೆಸಿಕೊಂಡು, ದೋಣಿಯ ಆಚೆ ಬದಿಗೆ ಮುಖ ಮಾಡಿ, ಕೂಗಿದರು.

"ಬೀಗರೇ, ನಿಮ್ಮ ಬದಿ ಬೇಗ ಮುಗಿಸಿ! ನೀರು ಬಂತು!"

ಫ್ರೆಡ್ರಿಕ್ಕರಿಗೆ ಎರಡನೆಯ ಮಾತು ಕೇಳಿಸಲೇ ಇಲ್ಲ. ಅವರು ಮೊದಲನೆಯ ಪದದಲ್ಲಿಯೇ ನಿಂತುಬಿಟ್ಟಿದ್ದರು. ಸಮುದ್ರವು ತೆಳ್ಳಗೆ ಹರಡಿಕೊಂಡು ಬಂದು ಪಾದ ಮುಚ್ಚಿತು, ಮೊಣಕಾಲು ಮುಟ್ಟಿತು. ಅವರು ಮಾತ್ರ ತುಟಿಯ ಮೇಲೆ ನಗೆಯಿರಿಸಿಕೊಂಡು, ಈಗಾಗಲೇ ಕನ್ನಡಿಯಂತೆ ಹೊಳೆಯುತ್ತಿದ್ದ ಒಂದೇ ಜಾಗವನ್ನು ಪ್ರೀತಿಯಿಂದ ಕೆರೆಯುತ್ತಿದ್ದರು. ಕೊನೆಗೆ ದಡದಿಂದ ಫೆಲ್ಸಿಯವರೇ ಎದ್ದು ನಿಂತು ಬಾಯಿಗೆ ಕೈಯೊಡ್ಡಿ ಕೂಗಬೇಕಾಯಿತು.

"ಹೋಯ್, ಡೆಲ್ಮಾನ ಡ್ಯಾಡೀ! ಸಂಬಂಧ ಗಟ್ಟಿ ಆಯ್ತು! ಇನ್ನು ಮುಳುಗುವ ಅಗತ್ಯ ಇಲ್ಲ, ಹತ್ತಿ ಬನ್ನಿ!"